ರಿಪೋರ್ಟ್‌ನಲ್ಲಿ ಐಎಲ್2ಆರ್‌ಜಿ ಅಂತ ಬಂದಿದೆ. ಸೋದರಮಾವನಿಗೆ ಕೊಟ್ಟಿದ್ದಕ್ಕೇ ಹೀಗಾಯ್ತಾ?

ಶಿಡ್ಲಘಟ್ಟ_ನೂಲು:

ಎಲ್ಲರಿಗೂ ನಮಸ್ಕಾರ. ನಾನು ಶಿಡ್ಲಘಟ್ಟದ ಹತ್ತಿರದವನು. ಗೂಡು ತಂದು ನೂಲು ತೆಗೆಯುವ ಕೆಲಸ ನಮ್ಮ ಮನೆಯದು. ಓದಿದ್ದು ಪಿಯುಸಿ ಕಾಮರ್ಸ್, ಹಾಗಾಗಿ ಈ ಜೀನು, ಪ್ರೋಟೀನು ಎಲ್ಲ ನನಗೆ ಹೊಸದು. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ನನ್ನ ದೊಡ್ಡ ತಂಗಿಯನ್ನು ನಮ್ಮ ಸೋದರಮಾವನಿಗೇ ಕೊಟ್ಟಿದ್ದೇವೆ. ಅಮ್ಮನ ಒಡಹುಟ್ಟಿದ ತಮ್ಮ. ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು ಹೊಸದೇನಲ್ಲ, ನಿಮಗೂ ಗೊತ್ತು. ಮೊದಲನೇ ಮಗು ಗಂಡು. ಹುಟ್ಟಿದಾಗ ಮೂರು ಕೆಜಿ ಇತ್ತು, ಎರಡು ತಿಂಗಳು ಚೆನ್ನಾಗಿಯೇ ಇತ್ತು. ಆಮೇಲೆ ಬಾಯೊಳಗೆ ಮೊಸರು ಮೆತ್ತಿದ ಹಾಗೆ ಬಿಳಿ ಬಂತು, ಒರೆಸಿದರೂ ಹೋಗಲಿಲ್ಲ, ಔಷಧಿ ಹಾಕಿದರೆ ಹೋಗಿ ಮತ್ತೆ ಬರುತ್ತಿತ್ತು. ಭೇದಿ ನಿಲ್ಲಲಿಲ್ಲ. ತೂಕ ಏರಲೇ ಇಲ್ಲ. ನಾಲ್ಕನೇ ತಿಂಗಳಿಗೆ ಕೆಮ್ಮು, ಉಸಿರಾಟ ಜೋರು, ನ್ಯುಮೋನಿಯಾ ಅಂದರು. ಮೂರು ಆಸ್ಪತ್ರೆ ತಿರುಗಿದೆವು. ಆರು ತಿಂಗಳು ತುಂಬೋಕೆ ಒಂಬತ್ತು ದಿನ ಇರುವಾಗ ಹೋಗಿಬಿಟ್ಟಿತು.

ಕೊನೆಯಲ್ಲಿ ನೋಡಿದ ಡಾಕ್ಟರು ಮಗುವಿನ ರಕ್ತ ತೆಗೆದು ಜೀನ್ ಟೆಸ್ಟಿಗೆ ಕಳಿಸಿದ್ದರು. ಅದರ ರಿಪೋರ್ಟ್ ಬಂದಿದ್ದು ಮಗು ಹೋಗಿ ನಲವತ್ತು ದಿನದ ಮೇಲೆ. ಅದರಲ್ಲಿ ಐಎಲ್2ಆರ್‌ಜಿ, ಹೆಮಿಜೈಗಸ್, ಪ್ಯಾಥೋಜೆನಿಕ್ ಅಂತ ಇದೆ. ಕೆಳಗೆ ಎಕ್ಸ್ ಲಿಂಕ್ಡ್ ಸಿವಿಯರ್ ಕಂಬೈನ್ಡ್ ಇಮ್ಯುನೋಡಿಫಿಶಿಯೆನ್ಸಿ ಅಂತ ಇದೆ. ಆಗ ಯಾರಿಗೂ ಅದನ್ನು ಓದುವ ಮನಸ್ಸಿರಲಿಲ್ಲ. ಬೀರುವಿನಲ್ಲಿ ಇಟ್ಟುಬಿಟ್ಟೆವು.

ಈಗ ತಂಗಿಗೆ ಮತ್ತೆ ನಾಲ್ಕು ತಿಂಗಳು. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ರಕ್ತ ಸಂಬಂಧದಲ್ಲಿ ಮಾಡಿದ್ದಕ್ಕೇ ಹೀಗಾಯ್ತು ಅಂತ ಬಂದವರೆಲ್ಲ ಹೇಳಿ ಹೋಗುತ್ತಾರೆ. ಅಮ್ಮ ತಾನೇ ಮುಂದೆ ನಿಂತು ಮಾಡಿದ ಮದುವೆ ಅಂತ ಊಟ ಬಿಟ್ಟು ಕೂತಿದ್ದಾರೆ. ಮಾವ ಯಾರ ಹತ್ತಿರವೂ ಮಾತಾಡುತ್ತಿಲ್ಲ. ಇನ್ನೊಂದು ವಿಷಯ, ನಮ್ಮಜ್ಜಿಗೂ ಅಮ್ಮ ಹುಟ್ಟಿದ ಮೇಲೆ ಎರಡು ಗಂಡುಮಕ್ಕಳು ಹುಟ್ಟಿ ನಾಲ್ಕು ತಿಂಗಳು, ಏಳು ತಿಂಗಳಿಗೆ ಹೋಗಿದ್ದವಂತೆ. ಆಗ ಬಾಲಗ್ರಹ ಅಂದರು. ಅದಾದ ಮೇಲೆ ಹುಟ್ಟಿ ಉಳಿದವರೇ ಈ ಮಾವ.

ನನಗೆ ತಿಳಿಯಬೇಕಾಗಿರೋದು ಇಷ್ಟು. ಈ ಜೀನು ಏನು ಮಾಡುತ್ತೆ? ಇದು ಮದುವೆಯಿಂದ ಬಂದಿದ್ದಾ? ಹೊಟ್ಟೆಯಲ್ಲಿರುವ ಮಗುವಿಗೆ ಏನು ಮಾಡಬಹುದು? ಮತ್ತೆ ಚಿಕ್ಕ ತಂಗಿಗೆ ಗಂಡು ನೋಡುತ್ತಿದ್ದೇವೆ, ಹೊರಗಿನ ಸಂಬಂಧ. ಹೊರಗೆ ಕೊಟ್ಟರೆ ತೊಂದರೆ ಇಲ್ಲ, ಸುಮ್ನೆ ಇರು, ಯಾರಿಗೂ ಹೇಳಬೇಡ ಅಂತಾರೆ ಅಮ್ಮ. ಸುಮ್ಮನಿರೋದು ಸರಿನಾ?


ಮುಳಬಾಗಿಲು_ಲ್ಯಾಬ್:

ಅಣ್ಣ, ಮೊದಲು ನಿಮ್ಮಮ್ಮನಿಗೆ ಇದನ್ನು ಓದಿ ಹೇಳಿ. ಆ ರಿಪೋರ್ಟ್ ಸರಿ ಇದ್ದರೆ ಇದು ಸೋದರಮಾವನಿಗೆ ಕೊಟ್ಟಿದ್ದರಿಂದ ಬಂದಿದ್ದಲ್ಲ. ಊರಾಚೆ, ರಾಜ್ಯದಾಚೆ ಕೊಟ್ಟಿದ್ದರೂ ಆ ಮಗುವಿಗೆ ಇದೇ ಆಗುತ್ತಿತ್ತು. ಯಾಕೆ ಅಂತ ಹೇಳುತ್ತೀನಿ. ನಾನು ಬೆಂಗಳೂರಿನಲ್ಲಿ ಒಂದು ಲ್ಯಾಬಿನಲ್ಲಿ ರಕ್ತದ ಕಣ ಎಣಿಸುವ ಫ್ಲೋ ಸೈಟೋಮೆಟ್ರಿ ಮಷೀನಿನ ಮುಂದೆ ಕೂರುವವನು, ಡಾಕ್ಟರ್ ಅಲ್ಲ. ಆದರೆ ಇಂಥ ಮಕ್ಕಳ ರಕ್ತ ನಮ್ಮಲ್ಲಿಗೆ ಬರುತ್ತೆ, ಈ ಜೀನಿನ ಬಗ್ಗೆ ನಾನು ತಲೆಕೆಡಿಸಿಕೊಂಡು ಓದಿದ್ದೀನಿ.

ಐಎಲ್2ಆರ್‌ಜಿ ಜೀನು ಇರೋದು ಎಕ್ಸ್ ಕ್ರೋಮೋಸೋಮಿನ ಮೇಲೆ. ರಿಪೋರ್ಟ್‌ನಲ್ಲಿ ಹೆಮಿಜೈಗಸ್ ಅಂದರೆ ಗಂಡುಮಗುವಿನಲ್ಲಿ ಆ ಜೀನಿನ ಪ್ರತಿ ಇರೋದೇ ಒಂದು, ಅದೇ ಕೆಟ್ಟಿದೆ ಅಂತ. ಪ್ಯಾಥೋಜೆನಿಕ್ ಅಂದರೆ ಕಾಯಿಲೆ ತರುವ ದೋಷ. ಕೆಳಗಿನ ಉದ್ದ ಹೆಸರಿನ ಅರ್ಥ, ಎಕ್ಸ್ ಮೂಲಕ ಬರುವ, ರೋಗನಿರೋಧಕ ಶಕ್ತಿಯೇ ಇಲ್ಲದ ಹಾಗೆ ಮಾಡುವ ಕಾಯಿಲೆ. ಅದು ಹೇಳಿಕೊಟ್ಟ ಹಾಗೆ ತಯಾರಾಗುವ ಪ್ರೋಟೀನಿಗೆ ಕಾಮನ್ ಗಾಮಾ ಚೈನ್ ಅಂತ ಹೆಸರು, ಸಿಡಿ132 ಅಂತಲೂ ಕರೆಯುತ್ತಾರೆ. 369 ಅಮೈನೋ ಆಮ್ಲಗಳ ಸಣ್ಣ ಪ್ರೋಟೀನು. ನಮ್ಮ ರೋಗನಿರೋಧಕ ಕಣಗಳ ಹೊರಪೊರೆಯಲ್ಲಿ ಗೂಟ ಹೊಡೆದ ಹಾಗೆ ಕೂತಿರುತ್ತೆ. ಮೂರರಲ್ಲಿ ಎರಡು ಭಾಗದಷ್ಟು ಹೊರಗೆ ಚಾಚಿರುತ್ತೆ, ಒಂದೇ ಒಂದು ಸಲ ಪೊರೆ ದಾಟುತ್ತೆ, ಸಣ್ಣ ಬಾಲ ಕಣದ ಒಳಗೆ ಇಳಿದಿರುತ್ತೆ.

ಇದರ ಕೆಲಸ ಸುದ್ದಿ ಮುಟ್ಟಿಸೋದು. ದೇಹದಲ್ಲಿ ಇಂಟರ್‌ಲ್ಯೂಕಿನ್ ಅಂತ ಪುಟ್ಟ ಪುಟ್ಟ ಸಂದೇಶದ ಪ್ರೋಟೀನುಗಳು ಓಡಾಡುತ್ತಿರುತ್ತವೆ. ನೀನು ಬದುಕು, ನೀನು ಎರಡಾಗು, ನೀನು ಯುದ್ಧಕ್ಕೆ ಸಿದ್ಧವಾಗು ಅಂತ ಕಣಗಳಿಗೆ ಹೇಳೋದು ಇವೇ. ಒಂದೊಂದಕ್ಕೂ ಪೊರೆಯ ಮೇಲೆ ಅದರದೇ ಹಿಡಿಕೆ ಇದೆ. ಆದರೆ 2, 4, 7, 9, 15, 21 ಈ ಆರು ನಂಬರಿನ ಇಂಟರ್‌ಲ್ಯೂಕಿನ್‌ಗಳಿಗೆ ಸ್ವಂತ ಹಿಡಿಕೆ ಒಂದೇ ಇದ್ದರೆ ಸಾಲದು, ಪಕ್ಕದಲ್ಲಿ ಈ ಗಾಮಾ ಚೈನ್ ಇರಲೇಬೇಕು.

ನಮ್ಮೂರ ಕಡೆ ಆರು ಜನರ ಬೋರ್‌ವೆಲ್ ಮೋಟರಿಗೆ ಒಂದೇ ಟಿಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಇರುತ್ತಲ್ಲ, ಹಾಗೆ ಅಂದುಕೊಳ್ಳಿ. ಟಿಸಿ ಸುಟ್ಟರೆ ಆರೂ ಮೋಟರು ನಿಂತುಹೋಗುತ್ತೆ. ಮೋಟರು ಸರಿ ಇದೆ, ಪೈಪು ಸರಿ ಇದೆ, ಬೋರಿನಲ್ಲಿ ನೀರೂ ಇದೆ. ಆದರೆ ಆರೂ ಹೊಲ ಒಣಗುತ್ತೆ.

ಒಳಗೆ ಏನಾಗುತ್ತೆ ಅಂದರೆ, ಉದಾಹರಣೆಗೆ 7ನೇ ನಂಬರಿನ ಇಂಟರ್‌ಲ್ಯೂಕಿನ್ ಬಂದು ಹೊರಗೆ ಅಂಟಿಕೊಂಡಿತು ಅನ್ನಿ. ಅದರ ಹಿಡಿಕೆ ಮತ್ತು ಗಾಮಾ ಚೈನ್ ಎರಡೂ ಹತ್ತಿರ ಬರುತ್ತವೆ. ಹಿಡಿಕೆಯ ಬಾಲಕ್ಕೆ ಜ್ಯಾಕ್1 ಅನ್ನುವ ಕಿಣ್ವ ಅಂಟಿರುತ್ತೆ, ಗಾಮಾ ಚೈನಿನ ಬಾಲಕ್ಕೆ ಜ್ಯಾಕ್3 ಅಂಟಿರುತ್ತೆ. ಬಾಲಗಳು ಹತ್ತಿರ ಬಂದ ತಕ್ಷಣ ಇವೆರಡೂ ಒಂದಕ್ಕೊಂದು ಫಾಸ್ಫೇಟ್ ಸೇರಿಸಿ ಎಬ್ಬಿಸುತ್ತವೆ. ಅಲ್ಲಿಂದ ಸ್ಟ್ಯಾಟ್5 ಅನ್ನುವ ಇನ್ನೊಂದು ಪ್ರೋಟೀನಿಗೂ ಫಾಸ್ಫೇಟ್ ಬೀಳುತ್ತೆ, ಅದು ಜೋಡಿಯಾಗಿ ಕಣದ ನ್ಯೂಕ್ಲಿಯಸ್ಸಿಗೆ ಹೋಗಿ ಬೇಕಾದ ಜೀನುಗಳನ್ನು ಆನ್ ಮಾಡುತ್ತೆ. ಗಾಮಾ ಚೈನ್ ಇಲ್ಲ ಅಂದರೆ ಹೊರಗೆ ಎಷ್ಟು ಕೂಗಿದರೂ ಒಳಗೆ ಕೇಳಿಸೋದಿಲ್ಲ.

7 ಕೇಳಿಸದಿದ್ದರೆ ಎದೆಯಲ್ಲಿರುವ ಥೈಮಸ್ ಗ್ರಂಥಿಯಲ್ಲಿ ಟಿ ಕಣಗಳು, ಅಂದರೆ ಸೋಂಕಿನ ವಿರುದ್ಧದ ಹೋರಾಟ ನಡೆಸುವ ಬಿಳಿ ಕಣಗಳು, ಹುಟ್ಟುವುದಿಲ್ಲ. 15 ಕೇಳಿಸದಿದ್ದರೆ ವೈರಸ್ ಹತ್ತಿದ ಕಣಗಳನ್ನು ಕೊಲ್ಲುವ ಎನ್‌ಕೆ ಕಣಗಳು ಇಲ್ಲ. ಬಿ ಕಣಗಳು ಹುಟ್ಟುತ್ತವೆ, ಮಷೀನಿನಲ್ಲಿ ಕಾಣುತ್ತವೆ ಕೂಡ, ಆದರೆ ಟಿ ಕಣಗಳ ಸಹಾಯ ಇಲ್ಲ, 21ರ ಸುದ್ದಿ ಇಲ್ಲ, ಹಾಗಾಗಿ ಸರಿಯಾದ ಆ್ಯಂಟಿಬಾಡಿ ಮಾಡೋಕೆ ಬರಲ್ಲ. ಟಿ ಇಲ್ಲ, ಎನ್‌ಕೆ ಇಲ್ಲ, ಬಿ ಇದೆ. ಗಂಡುಮಗುವಿನಲ್ಲಿ ಈ ಮೂರೂ ಸೇರಿ ಕಂಡರೆ ನಮ್ಮ ತಲೆಗೆ ಮೊದಲು ಬರೋದೇ ಈ ಜೀನು.

ಈಗ ಮದುವೆ ವಿಷಯ. ಗಂಡುಮಗುವಿಗೆ ಅಪ್ಪನಿಂದ ಬರೋದು ವೈ, ಅಮ್ಮನಿಂದ ಬರೋದು ಎಕ್ಸ್. ಅಪ್ಪನ ಎಕ್ಸ್ ಮಗನಿಗೆ ಹೋಗೋದೇ ಇಲ್ಲ. ಹಾಗಿದ್ದ ಮೇಲೆ ಮಾವ ಈ ಮಗುವಿಗೆ ಈ ಕಾಯಿಲೆ ಕೊಡೋಕೆ ದಾರಿಯೇ ಇಲ್ಲ ಅಲ್ವಾ? ಇನ್ನೂ ಒಂದು ನೋಡಿ. ಅಜ್ಜಿಯ ಇಬ್ಬರು ಗಂಡುಮಕ್ಕಳು ಹೋದರು, ಮಾವ ಉಳಿದರು. ಅಜ್ಜಿಯ ಎರಡು ಎಕ್ಸ್‌ನಲ್ಲಿ ಒಂದು ಕೆಟ್ಟಿದ್ದು, ಒಂದು ಒಳ್ಳೆಯದು ಅಂದುಕೊಂಡರೆ, ಮಾವನಿಗೆ ಬಂದಿದ್ದು ಒಳ್ಳೆಯದು. ಕೆಟ್ಟಿದ್ದು ಬಂದಿದ್ದರೆ ಅವರು ಮಗುವಾಗಿದ್ದಾಗಲೇ ಹೋಗಿರೋರು. ಅವರು ಇವತ್ತು ಗಟ್ಟಿಮುಟ್ಟಾಗಿ ಓಡಾಡುತ್ತಿದ್ದಾರೆ ಅಂದರೆ ಅವರ ಹತ್ತಿರ ಆ ದೋಷ ಇಲ್ಲವೇ ಇಲ್ಲ. ದಯವಿಟ್ಟು ಅವರಿಗೆ ಇದನ್ನು ಕೂರಿಸಿ ಹೇಳಿ.

ಅಮ್ಮನಿಗೂ ತಂಗಿಗೂ ದೋಷ ಇದ್ದರೂ ಅವರು ಆರೋಗ್ಯವಾಗಿರೋದು ಹೇಗೆ ಅಂತ ಕೇಳಬಹುದು. ಹೆಂಗಸರ ಒಂದೊಂದು ಕಣದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ಮುಚ್ಚಿಕೊಂಡಿರುತ್ತೆ. ಕೆಟ್ಟ ಎಕ್ಸ್ ತೆರೆದುಕೊಂಡ ಟಿ ಕಣ ಬೆಳೆಯೋದೇ ಇಲ್ಲ, ಒಳ್ಳೆಯದು ತೆರೆದಿದ್ದು ಮಾತ್ರ ಉಳಿಯುತ್ತೆ. ಹಾಗಾಗಿ ಅವರ ರಕ್ತದಲ್ಲಿ ಓಡಾಡುವ ಟಿ ಕಣಗಳೆಲ್ಲ ಸರಿಯಾದವೇ.

ಚಿಕ್ಕ ತಂಗಿ ವಿಷಯದಲ್ಲಿ ಮಾತ್ರ ಅಮ್ಮನ ಮಾತು ಒಪ್ಪೋಕಾಗಲ್ಲ. ಅಮ್ಮನಲ್ಲಿ ದೋಷ ಇದ್ದರೆ ಚಿಕ್ಕ ತಂಗಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಹೊರಗೆ ಕೊಟ್ಟರೂ ಒಳಗೆ ಕೊಟ್ಟರೂ ಅವಳ ಗಂಡುಮಕ್ಕಳಿಗೆ ಅಪಾಯ ಒಂದೇ. ಒಂದು ರಕ್ತದ ಟೆಸ್ಟ್ ಸಾಕು. ಮಗುವಿನ ರಿಪೋರ್ಟ್‌ನಲ್ಲಿ ಯಾವ ಜಾಗದಲ್ಲಿ ಅಕ್ಷರ ಬದಲಾಗಿದೆ ಅಂತ ಬರೆದಿರುತ್ತೆ, ಆ ಒಂದು ಜಾಗ ಮಾತ್ರ ನೋಡಿದರೆ ಆಯ್ತು, ಖರ್ಚೂ ಕಡಿಮೆ. ಅಮ್ಮನಿಗೆ ಅಕ್ಕತಂಗಿಯರಿದ್ದರೆ ಅವರ ಹೆಣ್ಣುಮಕ್ಕಳಿಗೂ ಹೇಳಬೇಕು.


ಸಿರಾ_ಅಮ್ಮ:

ಅಣ್ಣಾ, ನಿಮ್ಮ ಪೋಸ್ಟ್ ಓದಿ ಕೈ ನಡುಗಿತು. ಬಾಯಲ್ಲಿ ಮೊಸರು ಮೆತ್ತಿದ ಹಾಗೆ ಅಂದಿರಲ್ಲ, ನಮ್ಮ ಮಗುವಿಗೂ ಅದೇ.

ನಮ್ಮದು ತುಮಕೂರು ಜಿಲ್ಲೆ ಸಿರಾ. ನಮ್ಮದು ಸಂಬಂಧದ ಮದುವೆ ಅಲ್ಲವೇ ಅಲ್ಲ, ನಮ್ಮೆಜಮಾನರು ಹಾಸನದ ಕಡೆಯವರು. ಆದರೂ ಇದೇ ಜೀನು, ಇದೇ ಹೆಸರು. ನಮಗೆ ಗೊತ್ತಾಗಿದ್ದು ಬಿಸಿಜಿಯಿಂದ. ಹುಟ್ಟಿದ ಎರಡನೇ ದಿನ ಎಡಗೈ ತೋಳಿಗೆ ಚುಚ್ಚಿದ್ದರು. ಎಲ್ಲ ಮಕ್ಕಳಿಗೂ ಸಣ್ಣ ಗುಳ್ಳೆ ಆಗಿ ಕಲೆ ಉಳಿಯುತ್ತೆ. ಇವನಿಗೆ ಗುಳ್ಳೆ ಒಣಗಲಿಲ್ಲ, ಸುರಿಯುತ್ತಾ ಇತ್ತು, ಮೂರನೇ ತಿಂಗಳಿಗೆ ಎಡ ಕಂಕುಳಲ್ಲಿ ನಿಂಬೆಕಾಯಿ ಗಾತ್ರದ ಗಡ್ಡೆ. ಒಂದು ಕಡೆ ಕೊಯ್ದು ಕೀವು ತೆಗೆದು ಕಳಿಸಿದರು. ಮತ್ತೊಂದು ಕಡೆ ಒಬ್ಬ ಮೇಡಂ ಬಗ್ಗಿ ತೋಳು ನೋಡಿ, ಬಾಯಿ ನೋಡಿ, ಎದೆ ಎಕ್ಸ್‌ರೇ ಫಿಲಂ ಎತ್ತಿ ಬೆಳಕಿಗೆ ಹಿಡಿದು, ಇಲ್ಲಿ ಥೈಮಸ್ ನೆರಳೇ ಕಾಣ್ತಿಲ್ಲವಲ್ಲ ಅಂದರು. ಪುಟ್ಟ ಮಗುವಿಗೆ ಹೃದಯದ ಮೇಲೆ ಹಾಯಿ ಬಿಚ್ಚಿದ ಹಾಗೆ ಥೈಮಸ್ ಕಾಣಬೇಕಂತೆ. ಇವನಿಗೆ ಅಲ್ಲಿ ಖಾಲಿ. ಆ ಒಂದು ಮಾತಿನಿಂದ ನಮ್ಮ ಮಗ ಉಳಿದ.

ಬಿಸಿಜಿ ಅಂದರೆ ಜೀವಂತ ಬ್ಯಾಕ್ಟೀರಿಯಾ, ಶಕ್ತಿ ಕುಂದಿಸಿದ್ದು. ನಮ್ಮ ನಿಮ್ಮ ಮಕ್ಕಳಿಗೆ ಅದು ರಕ್ಷೆ. ಟಿ ಕಣ ಇಲ್ಲದ ಮಗುವಿಗೆ ಅದೇ ಕಾಯಿಲೆಯಾಗಿ ಮೈಯೆಲ್ಲ ಹರಡಬಹುದು. ನಿಮ್ಮ ತಂಗಿಯ ಈ ಮಗು ಗಂಡಾದರೆ ಟೆಸ್ಟ್ ಬರುವ ತನಕ ಬಿಸಿಜಿ ಹಾಕಿಸಲೇಬೇಡಿ. ಬಾಯಿಗೆ ಹಾಕುವ ಪೋಲಿಯೋ ಹನಿ, ಆರನೇ ವಾರದ ರೋಟಾ ಹನಿ, ಅವೂ ಜೀವಂತ ಲಸಿಕೆ, ಅವೂ ಬೇಡ. ರಕ್ತ ಕೊಡುವ ಸಂದರ್ಭ ಬಂದರೆ ರೇಡಿಯೇಷನ್ ಕೊಟ್ಟ ರಕ್ತವೇ ಆಗಬೇಕು ಅಂತ ಕೇಳಿ, ಇಲ್ಲದಿದ್ದರೆ ರಕ್ತ ಕೊಟ್ಟವರ ಟಿ ಕಣಗಳೇ ಮಗುವಿನ ಮೇಲೆ ಬೀಳುತ್ತವೆ. ಇದನ್ನು ನಮಗೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿದ್ದರು, ಇವತ್ತೂ ಫೈಲಿನ ಮೊದಲ ಹಾಳೆ ಅದೇ.

ನಮಗೆ ಐದನೇ ತಿಂಗಳಲ್ಲಿ ಕಸಿ ಆಯ್ತು, ಅಸ್ಥಿಮಜ್ಜೆ ಕಸಿ. ಅವನ ಅಕ್ಕನದೇ ಹೊಂದಿಕೆ ಆಯ್ತು, ಆಗ ಅವಳಿಗೆ ಏಳು ವರ್ಷ. ತಮ್ಮನಿಗೆ ಕೊಡ್ತೀಯಾ ಅಂದಾಗ ನೋವಾಗುತ್ತಾ ಅಂತ ಒಂದೇ ಪ್ರಶ್ನೆ ಕೇಳಿದಳು, ಸ್ವಲ್ಪ ಆಗುತ್ತೆ ಅಂದೆ, ಸರಿ ಅಂದಳು. ಅವಳಲ್ಲಿ ದೋಷ ಇದೆಯಾ ಇಲ್ಲವಾ ಅಂತ ಮುಂಚೆಯೇ ನೋಡಿದರು. ಕಸಿ ಆದ ಮೇಲೆ ಮೂರು ತಿಂಗಳು ಟಿ ಕಣದ ಎಣಿಕೆ ಬರುತ್ತಾ ಬರುತ್ತಾ ಅಂತ ಕಾದಿದ್ದು ದೇವರಿಗೇ ಗೊತ್ತು. ಈಗ ಅವನಿಗೆ ಆರು ವರ್ಷ, ಶಾಲೆಗೆ ಹೋಗುತ್ತಾನೆ. ಬಿ ಕಣಗಳು ಅವನವೇ ಹಳೆಯವು ಉಳಿದಿವೆ, ಹಾಗಾಗಿ ತಿಂಗಳಿಗೊಂದು ಸಲ ಇಮ್ಯುನೋಗ್ಲಾಬ್ಯುಲಿನ್, ಅಂದರೆ ಹೊರಗಿನಿಂದ ಆ್ಯಂಟಿಬಾಡಿ, ಹಾಕಿಸಬೇಕು. ನಾವು ಅದಕ್ಕೆ ಒಗ್ಗಿಕೊಂಡಿದ್ದೇವೆ.

ಬೇಗ ಗೊತ್ತಾದಷ್ಟೂ ಒಳ್ಳೆಯದು. ನಿಮ್ಮ ತಂಗಿಗೆ ಹುಟ್ಟೋಕೆ ಮುಂಚೆಯೇ ಗೊತ್ತಿದೆ, ನಮಗೆ ಆ ಅದೃಷ್ಟ ಇರಲಿಲ್ಲ. ಮೊದಲ ಮಗು ಹೋಗುವಾಗ ಈ ಒಂದು ಕಾಗದ ಬಿಟ್ಟು ಹೋಗಿದೆ ಅಣ್ಣ, ಅದನ್ನು ಬೀರುವಿನಿಂದ ಈಚೆಗೆ ತೆಗೆಯಿರಿ.


ತಿಪಟೂರು_ಮೇಷ್ಟ್ರು:

ಲ್ಯಾಬಿನವರು ಚೆನ್ನಾಗಿ ಬರೆದಿದ್ದೀರಿ. ಆದರೆ ನನಗೆ ಒಂದು ಆತಂಕ. ಸಂಬಂಧದಲ್ಲಿ ಮದುವೆಗೂ ಇಂಥ ಕಾಯಿಲೆಗೂ ಸಂಬಂಧವೇ ಇಲ್ಲ ಅಂತ ಜನ ತಿಳಿದುಕೊಂಡುಬಿಡುತ್ತಾರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು. ಅಕ್ಕನ ಮಗಳನ್ನು ಮದುವೆಯಾದರೆ ಎಂಟರಲ್ಲಿ ಒಂದು ಪಾಲು ಜೀನು ಎರಡೂ ಕಡೆಯಿಂದ ಒಂದೇ ಆಗಿ ಬರುತ್ತೆ ಅಂತ ನಾನೇ ಮಕ್ಕಳಿಗೆ ಹೇಳಿಕೊಡುತ್ತೀನಿ. ಅದನ್ನೂ ಹೇಳಬೇಕಲ್ವಾ?


ಮುಳಬಾಗಿಲು_ಲ್ಯಾಬ್:

ಸರ್, ಖಂಡಿತ ಹೇಳಬೇಕು. ನಾನು ಬರೆದಿದ್ದು ಈ ಜೀನಿನ ಮಟ್ಟಿಗೆ ಮಾತ್ರ. ಇದೇ ದಾರಿಯಲ್ಲಿ ಒಂದೇ ಹೆಜ್ಜೆ ಆಚೆ ಇರುವ ಜ್ಯಾಕ್3 ನೋಡಿ. ಗಾಮಾ ಚೈನಿನ ಬಾಲಕ್ಕೆ ಅಂಟಿಕೊಳ್ಳುವ ಕಿಣ್ವ ಅದು. ಅದು ಕೆಟ್ಟರೂ ಕಾಯಿಲೆ ಥೇಟ್ ಹೀಗೇ: ಟಿ ಇಲ್ಲ, ಎನ್‌ಕೆ ಇಲ್ಲ, ಬಿ ಇದೆ. ಆದರೆ ಜ್ಯಾಕ್3 ಜೀನು ಇರೋದು 19ನೇ ಕ್ರೋಮೋಸೋಮಿನಲ್ಲಿ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಮಗುವಿಗೆ ಕಾಯಿಲೆ, ಹೆಣ್ಣುಮಗುವಿಗೂ ಬರುತ್ತೆ. ಅಲ್ಲಿ ಸಂಬಂಧದ ಮದುವೆ ನಿಜವಾಗಿಯೂ ಅಪಾಯ ಹೆಚ್ಚಿಸುತ್ತೆ. ಇಂಟರ್‌ಲ್ಯೂಕಿನ್ 7ರ ಸ್ವಂತ ಹಿಡಿಕೆ ಕೆಟ್ಟರೂ ಹಾಗೇ, ಅಲ್ಲಿ ಮಾತ್ರ ಎನ್‌ಕೆ ಕಣ ಉಳಿದಿರುತ್ತೆ, ಯಾಕೆಂದರೆ 15ರ ದಾರಿ ಸರಿ ಇರುತ್ತೆ.

ಅಂದರೆ ಹೊರಗಿನಿಂದ ನೋಡಿದರೆ ಎರಡು ಮಕ್ಕಳೂ ಒಂದೇ ಥರ ಸೊರಗುತ್ತವೆ. ಒಂದು ಮನೆಯಲ್ಲಿ ಸಂಬಂಧ ಕಾರಣ, ಇನ್ನೊಂದು ಮನೆಯಲ್ಲಿ ಅಲ್ಲ. ರಿಪೋರ್ಟ್ ನೋಡದೆ ಊರವರು ತೀರ್ಪು ಕೊಡೋದು ನನಗೆ ಸಹಿಸೋಕಾಗಲ್ಲ ಸರ್. ಇವರ ಮನೆಯಲ್ಲಿ ಒಬ್ಬ ಗಂಡಸು ಮಾಡದ ತಪ್ಪಿಗೆ ಬಾಯಿ ಮುಚ್ಚಿಕೊಂಡು ಕೂತಿದ್ದಾರೆ.

ಇದೇ ಜ್ಯಾಕ್ ದಾರಿಯನ್ನು ಸ್ವಲ್ಪ ತಗ್ಗಿಸೋ ಮಾತ್ರೆ ಇದೆ, ಟೊಫಾಸಿಟಿನಿಬ್ ಅಂತ. ಕೀಲು ಬಾತುಕೊಳ್ಳುವ ರುಮಟಾಯ್ಡ್ ಆರ್ಥ್ರೈಟಿಸ್‌ಗೆ ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕಿತು, ಇಲ್ಲೂ ಡಾಕ್ಟರು ಬರೆಯುತ್ತಾರೆ. ಈ ಮಕ್ಕಳಲ್ಲಿ ಈ ದಾರಿ ಮುಚ್ಚಿದರೆ ಏನಾಗುತ್ತೆ ಅಂತ ನೋಡಿದ ಮೇಲೇ ಆ ಯೋಚನೆ ಬಂದಿದ್ದು. ತರಗತಿಯಲ್ಲಿ ಹೇಳೋಕೆ ಒಳ್ಳೆಯ ಉದಾಹರಣೆ.


ಶಿಡ್ಲಘಟ್ಟ_ನೂಲು:

ಎಲ್ಲರಿಗೂ ಕೈ ಮುಗಿಯುತ್ತೀನಿ. ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ಟಿಸಿ ಉದಾಹರಣೆ ಅವರಿಗೆ ತಕ್ಷಣ ಹೊಳೆಯಿತು. ಸಿರಾ ಅಕ್ಕ, ನಿಮ್ಮ ಮಗನ ವಿಷಯ ಕೇಳಿ ತಂಗಿ ತುಂಬಾ ಹೊತ್ತು ಅತ್ತಳು, ಆಮೇಲೆ ತಾನೇ ಹೋಗಿ ಬೀರು ತೆಗೆದು ಫೈಲು ತಂದಳು.

ಅದರಲ್ಲಿ ಮಗುವಿಗೆ ಎರಡು ತಿಂಗಳಿದ್ದಾಗ ಭೇದಿಗೆ ಅಂತ ಒಂದು ಕಡೆ ಮಾಡಿಸಿದ ಸಿಬಿಸಿ, ಅಂದರೆ ರಕ್ತದ ಕಣ ಎಣಿಸಿದ ಚೀಟಿ ಇದೆ. ಡಬ್ಲ್ಯುಬಿಸಿ 6,200. ಲಿಂಫೋಸೈಟ್ 7 ಪರ್ಸೆಂಟ್. ಆಗ ಎಲ್ಲ ನಾರ್ಮಲ್ ಅಂದಿದ್ದರು. ಇದರಲ್ಲಿ ಏನಾದರೂ ಕಾಣುತ್ತಾ?


ಮುಳಬಾಗಿಲು_ಲ್ಯಾಬ್:

ಕಾಣುತ್ತೆ ಅಣ್ಣ. ಹೇಳೋಕೆ ಸಂಕಟ ಆಗುತ್ತೆ, ಆದರೆ ಮುಂದಿನ ಮಗುವಿಗೋಸ್ಕರ ಹೇಳುತ್ತೀನಿ.

ಡಬ್ಲ್ಯುಬಿಸಿ ಅಂದರೆ ಒಟ್ಟು ಬಿಳಿ ಕಣ, ಲಿಂಫೋಸೈಟ್ ಅಂದರೆ ಅದರಲ್ಲಿ ಟಿ, ಬಿ, ಎನ್‌ಕೆ ಸೇರಿದ ಗುಂಪು. 6,200ರಲ್ಲಿ 7 ಪರ್ಸೆಂಟ್ ಅಂದರೆ 434. ಆ ವಯಸ್ಸಿನ ಮಗುವಿಗೆ ಲಿಂಫೋಸೈಟ್ 3,000ಕ್ಕಿಂತ ಕೆಳಗೆ ಇದ್ದರೇ ನಿಂತು ಯೋಚನೆ ಮಾಡಬೇಕು. ಮೋಸ ಎಲ್ಲಿ ಆಗುತ್ತೆ ಅಂದರೆ, ಚೀಟಿಯಲ್ಲಿ ಮೇಲೆ ಬರುವ ಒಟ್ಟು ಡಬ್ಲ್ಯುಬಿಸಿ ನೋಡಿ ಸರಿ ಇದೆ ಅಂದುಬಿಡುತ್ತಾರೆ. ಪಕ್ಕದಲ್ಲಿ ಅಚ್ಚಾಗಿರುವ ನಾರ್ಮಲ್ ರೇಂಜ್ ಎಷ್ಟೋ ಸಲ ದೊಡ್ಡವರದು, 20ರಿಂದ 40 ಪರ್ಸೆಂಟ್ ಅಂತ. ಎಳೆ ಮಗುವಿನಲ್ಲಿ ಬಿಳಿ ಕಣಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಲಿಂಫೋಸೈಟೇ ಇರಬೇಕು. ಯಾರಾದರೂ ಒಂದು ಗುಣಾಕಾರ ಮಾಡಿದ್ದರೆ ಸಾಕಿತ್ತು. ಇದನ್ನು ಓದುತ್ತಿರುವವರಲ್ಲಿ ಲ್ಯಾಬ್ ಟೆಕ್ನಿಷಿಯನ್‌ಗಳಿದ್ದರೆ ಒಂದೇ ಬೇಡಿಕೆ: ಎಳೆ ಮಗುವಿನ ಸಿಬಿಸಿ ಕೈಗೆ ಬಂದಾಗ ಆ ಗುಣಾಕಾರ ಮಾಡಿ, ಕಡಿಮೆ ಇದ್ದರೆ ಫೋನ್ ಮಾಡಿ ಹೇಳಿ.

ಹಾಗಂತ ಎಣಿಕೆ ಸರಿ ಇದ್ದರೆ ಕಾಯಿಲೆ ಇಲ್ಲ ಅಂತಲೂ ಅಲ್ಲ. ಈ ಕಾಯಿಲೆಯಲ್ಲಿ ಬಿ ಕಣ ಜಾಸ್ತಿ ಇರಬಹುದು, ಬಸುರಿಯಲ್ಲಿ ತಾಯಿಯ ಟಿ ಕಣ ಮಗುವಿಗೆ ದಾಟಿ ಎಣಿಕೆ ತುಂಬಿಸಿರಬಹುದು. ಅದಕ್ಕೇ ನಿಮ್ಮ ಮನೆಯ ಮಗುವಿಗೆ ಸಿಬಿಸಿ ಒಂದನ್ನೇ ನಂಬಬೇಡಿ, ಟಿ, ಬಿ, ಎನ್‌ಕೆ ಬೇರೆ ಬೇರೆ ಎಣಿಸಬೇಕು, ಜೊತೆಗೆ ಆ ಜೀನಿನ ಜಾಗ ನೋಡಬೇಕು.

ಈಗ ಏನು ಮಾಡಬಹುದು. ಮೊದಲು ತಂಗಿಯ ರಕ್ತ. ಅವಳಲ್ಲಿ ದೋಷ ಇದೆ ಅಂತಾದರೆ ಹದಿನಾರನೇ ವಾರದ ಹೊತ್ತಿಗೆ ಹೊಟ್ಟೆಯ ನೀರು ತೆಗೆದು ಮಗುವಿನ ಜೀನು ನೋಡಬಹುದು. ಹುಟ್ಟುವ ಮುಂಚೆ ಗಂಡೋ ಹೆಣ್ಣೋ ನೋಡೋದು ಕಾನೂನಿಗೆ ವಿರುದ್ಧ ಅಂತ ಹೆದರಬೇಡಿ, 1994ರ ಕಾಯಿದೆಯಲ್ಲೇ ಇಂಥ ಲಿಂಗಸಂಬಂಧಿ ಆನುವಂಶಿಕ ಕಾಯಿಲೆಗೆ ನೋಂದಾಯಿತ ಜೆನೆಟಿಕ್ ಕೇಂದ್ರದಲ್ಲಿ ಪರೀಕ್ಷೆಗೆ ಅವಕಾಶ ಇದೆ. ಮಾಡಿಸಬೇಕೋ ಬೇಡವೋ ಅನ್ನೋದು ತಂಗಿ ಮತ್ತು ಮಾವ ಕೂತು ನಿರ್ಧಾರ ಮಾಡಲಿ, ಬೇರೆ ಯಾರ ಮಾತೂ ಬೇಡ. ಬೇಡ ಅಂದರೆ ಹೆರಿಗೆ ದಿನ ಹೊಕ್ಕುಳಬಳ್ಳಿಯ ರಕ್ತವನ್ನೇ ಟೆಸ್ಟಿಗೆ ಕಳಿಸಬಹುದು. ಅವಳಲ್ಲಿ ದೋಷ ಇದ್ದರೆ ಪ್ರತಿ ಸಲ ಬಸುರಾದಾಗಲೂ ಲೆಕ್ಕ ಒಂದೇ: ಗಂಡಾದರೆ ಅರ್ಧ ಅಪಾಯ, ಹೆಣ್ಣಾದರೆ ಕಾಯಿಲೆ ಬರಲ್ಲ, ಅರ್ಧ ಸಾಧ್ಯತೆ ತಾಯಿಯ ಹಾಗೆ ದಾಟಿಸುವವಳಾಗಬಹುದು.

ಗಂಡಾಗಿ, ದೋಷ ಇದ್ದರೂ ಕೈ ಚೆಲ್ಲಬೇಡಿ. ಉತ್ತರ ಅಮೆರಿಕದ ಹಲವು ಆಸ್ಪತ್ರೆಗಳಲ್ಲಿ 2000ದಿಂದ 2009ರ ತನಕ ಕಸಿ ಆದ ಇಂಥ 240 ಮಕ್ಕಳ ಲೆಕ್ಕ ಪ್ರಕಟವಾಗಿದೆ. ಮೂರೂವರೆ ತಿಂಗಳೊಳಗೆ ಕಸಿ ಆದವರಲ್ಲಿ ಐದು ವರ್ಷದ ಮೇಲೆ 94 ಪರ್ಸೆಂಟ್ ಮಕ್ಕಳು ಬದುಕಿದ್ದರು. ಸೋಂಕು ಹತ್ತುವ ಮುಂಚೆ ಮಾಡೋದೇ ಗುಟ್ಟು.

ಮೊದಲ ಕಸಿ ಗೆದ್ದಿದ್ದು 1968ರಲ್ಲಿ, ಮಿನೆಸೋಟದಲ್ಲಿ. ಐದು ತಿಂಗಳ ಗಂಡುಮಗು, ಮಜ್ಜೆ ಕೊಟ್ಟಿದ್ದು ಅಕ್ಕ, ಸಿರಾ ಅಕ್ಕನ ಮನೆಯ ಹಾಗೇ. ಹ್ಯೂಸ್ಟನ್ನಿನಲ್ಲಿ ಡೇವಿಡ್ ವೆಟರ್ ಅಂತ ಒಬ್ಬ ಹುಡುಗ 1971ರಲ್ಲಿ ಹುಟ್ಟಿದ. ಅವನ ಅಣ್ಣ ಇದೇ ಕಾಯಿಲೆಯಿಂದ ಏಳು ತಿಂಗಳಿಗೆ ಹೋಗಿದ್ದ. ಇವನನ್ನು ಹುಟ್ಟಿದ ಕೂಡಲೇ ಕ್ರಿಮಿಯಿಲ್ಲದ ಪ್ಲಾಸ್ಟಿಕ್ ಗುಡಾರದಲ್ಲಿ ಇಟ್ಟರು, ಹನ್ನೆರಡು ವರ್ಷ ಅವನು ಅದರೊಳಗೇ ಬೆಳೆದ. ಅಮ್ಮ ಅವನನ್ನು ಮುಟ್ಟುತ್ತಿದ್ದಿದ್ದು ಗೋಡೆಗೆ ಹೊಲಿದ ಗ್ಲೌಸಿನ ಮೂಲಕ. ಅಕ್ಕನ ಮಜ್ಜೆ ಹಾಕಿದಾಗ ಅದರಲ್ಲಿ ಅಡಗಿದ್ದ ವೈರಸ್ಸಿನಿಂದ ಕ್ಯಾನ್ಸರ್ ಆಗಿ 1984ರಲ್ಲಿ ತೀರಿಕೊಂಡ. ಕಾರಣ ಈ ಜೀನು ಅಂತ ತಿಳಿದಿದ್ದು 1993ರಲ್ಲಿ. ಪ್ಯಾರಿಸ್ಸಿನವರು 1999ರಲ್ಲಿ ಮಗುವಿನ ಮಜ್ಜೆಗೇ ಸರಿಯಾದ ಜೀನು ಸೇರಿಸುವ ಚಿಕಿತ್ಸೆ ಶುರು ಮಾಡಿದರು, ಟಿ ಕಣಗಳು ಬಂದವು, ಆದರೆ ಪ್ಯಾರಿಸ್, ಲಂಡನ್ ಎರಡೂ ಸೇರಿ ಕನಿಷ್ಠ ಐದು ಮಕ್ಕಳಿಗೆ, ಜೀನನ್ನು ಕಣದೊಳಗೆ ಹೊತ್ತೊಯ್ಯೋಕೆ ಬಳಸಿದ ವೈರಸ್ ವಾಹಕದಿಂದ ರಕ್ತದ ಕ್ಯಾನ್ಸರ್ ಆಯ್ತು. ಈಗ ವಾಹಕ ಬದಲಾಯಿಸಿ ಮಾಡುತ್ತಿದ್ದಾರೆ. ನಮಗೆ ಇವತ್ತಿಗೆ ಕೈಗೆ ಸಿಗೋದು ಮಜ್ಜೆ ಕಸಿಯೇ.

ದುಡ್ಡಿನ ಬಗ್ಗೆ: 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಈ ಕಾಯಿಲೆ ಮೊದಲ ಗುಂಪಿನಲ್ಲೇ ಇದೆ. ಗೊತ್ತು ಮಾಡಿದ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿ ತನಕ ನೆರವು ಸಿಗುತ್ತೆ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಅಂಥ ಒಂದು ಕೇಂದ್ರ. ಮೊದಲು ಅಲ್ಲಿಗೆ ಹೋಗಿ ಹೆಸರು ಬರೆಸಿ. ಕಸಿಗೆ ನಮ್ಮ ಕಡೆಯವರು ವೆಲ್ಲೂರಿಗೂ ಹೋಗುತ್ತಾರೆ, ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಕಾಟ್ಪಾಡಿಯಲ್ಲಿ ಇಳಿಯೋದು ಅಷ್ಟೇ.


ಗೌರಿಬಿದನೂರು_ಸಿಸ್ಟರ್:

ನಾನು ಉಪಕೇಂದ್ರದಲ್ಲಿ ಕೆಲಸ ಮಾಡುವ ಸಿಸ್ಟರ್. ಲಸಿಕೆ ವಿಷಯ ಬಂದಿದ್ದಕ್ಕೆ ನಾನೂ ಎರಡು ಮಾತು ಸೇರಿಸುತ್ತೀನಿ, ಇಲ್ಲಿ ಓದಿದವರು ಲಸಿಕೆಯೇ ಬೇಡ ಅಂತ ಮನೆಗೆ ಹೋಗಬಾರದು. ಉಳಿದ ಎಲ್ಲ ಮಕ್ಕಳಿಗೂ ಬಿಸಿಜಿ ಬೇಕೇ ಬೇಕು, ನಮ್ಮಲ್ಲಿ ಕ್ಷಯ ಇನ್ನೂ ಇದೆ.

ಈ ಮನೆಯ ಮಗುವಿಗೆ ಮಾತ್ರ ಹೀಗೆ ಮಾಡಿ. ಈಗಲೇ ತಾಯಿ ಕಾರ್ಡಿನ ಮೊದಲ ಪುಟದಲ್ಲಿ ಕೆಂಪು ಪೆನ್ನಿನಲ್ಲಿ ಬರೆಸಿ, ಮೊದಲ ಮಗುವಿಗೆ ಈ ಕಾಯಿಲೆ ಇತ್ತು, ಟೆಸ್ಟ್ ಬರುವ ತನಕ ಬಿಸಿಜಿ, ಪೋಲಿಯೋ ಹನಿ ಬೇಡ ಅಂತ. ಡಾಕ್ಟರ ಸಹಿ ಹಾಕಿಸಿ. ಹೆರಿಗೆ ವಾರ್ಡಿನಲ್ಲಿ ಮಕ್ಕಳಿಗೆ ಸಾಲಾಗಿ ಚುಚ್ಚಿಕೊಂಡು ಬರುತ್ತೇವೆ, ಬಾಯಿಮಾತಿನಲ್ಲಿ ಹೇಳಿದರೆ ಪಾಳಿ ಬದಲಾದಾಗ ಮರೆತುಹೋಗುತ್ತೆ. ಬಿಸಿಜಿ ಒಂದು ವರ್ಷ ತುಂಬುವ ತನಕ ಹಾಕಬಹುದು, ಟೆಸ್ಟ್ ಸರಿ ಬಂದರೆ ಆಮೇಲೆ ಹಾಕಿಸಿ, ಏನೂ ನಷ್ಟ ಇಲ್ಲ. ಹುಟ್ಟಿದ ದಿನದ ಹೆಪಟೈಟಿಸ್ ಬಿ ಜೀವಂತ ಲಸಿಕೆ ಅಲ್ಲ, ಅದನ್ನು ಬಿಡಬೇಡಿ. ಮಗುವಿಗೆ ದೋಷ ಇದೆ ಅಂತಾದರೆ ಅದೇ ಮನೆಯ ಬೇರೆ ಮಕ್ಕಳಿಗೂ ಪೋಲಿಯೋ ಹನಿ ಹಾಕಿಸುವ ಮುಂಚೆ ಡಾಕ್ಟರನ್ನು ಕೇಳಿ, ಹನಿ ಹಾಕಿದ ಮಗುವಿನ ಮಲದಲ್ಲಿ ಆ ವೈರಸ್ ಕೆಲವು ವಾರ ಹೋಗುತ್ತಿರುತ್ತೆ. ಎದೆಹಾಲಿನ ವಿಷಯವನ್ನೂ ಕೇಳಿ, ತಾಯಿಯಲ್ಲಿರುವ ಸಿಎಂವಿ ವೈರಸ್ ಹಾಲಿನಲ್ಲಿ ಬರಬಹುದು, ಅದನ್ನು ಟೆಸ್ಟ್ ಮಾಡಿ ಹೇಳುತ್ತಾರೆ.

ಹೆಸರಿಡೋಕೆ, ಮಗು ನೋಡೋಕೆ ಅಂತ ಬರುವವರನ್ನು ಮೂರು ತಿಂಗಳು ದೂರ ಇಡಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.


ಶಿಡ್ಲಘಟ್ಟ_ನೂಲು:

ಸಿಸ್ಟರ್, ತಾಯಿ ಕಾರ್ಡಿನ ಮಾತು ನಮಗೆ ಯಾರಿಗೂ ಹೊಳೆದಿರಲಿಲ್ಲ. ನಾಳೆಯೇ ಬರೆಸುತ್ತೀನಿ.

ಚಿಂತಾಮಣಿಯ ದೊಡ್ಡಮ್ಮನಿಗೆ ಫೋನ್ ಮಾಡಿದೆ, ಅವರ ಮಗಳಿಗೂ ಹೋದ ತಿಂಗಳು ನಿಶ್ಚಯ ಆಗಿದೆ. ಮೊದಲು ಸಿಟ್ಟು ಮಾಡಿಕೊಂಡರು, ಆಮೇಲೆ ಅಜ್ಜಿಯ ಆ ಎರಡು ಮಕ್ಕಳ ಮಾತು ತೆಗೆದಾಗ ಸುಮ್ಮನಾದರು. ಟೆಸ್ಟ್ ಮಾಡಿಸುತ್ತೀವಿ ಅಂದಿದ್ದಾರೆ. ಚಿಕ್ಕ ತಂಗಿಯೂ ಗಂಡಿನ ಕಡೆಯವರಿಗೆ ತಾನೇ ಹೇಳುತ್ತೀನಿ, ಟೆಸ್ಟ್ ಬಂದ ಮೇಲೆ, ಅಂತ ಅಂದಳು.

ಬುಧವಾರ ಬೆಂಗಳೂರಿಗೆ ಹೊರಟಿದ್ದೇವೆ. ಅಮ್ಮ, ಇಬ್ಬರು ತಂಗಿಯರು, ನಾನು ಅಂತ ಲೆಕ್ಕ ಹಾಕಿದ್ದೆ. ರಾತ್ರಿ ಮಾವ ನೂಲಿನ ಕೋಣೆಗೆ ಬಂದರು, ಸ್ವಲ್ಪ ಹೊತ್ತು ನಿಂತರು, ಆ ವೈ ಅಂತ ಬರೆದಿರೋದನ್ನು ಇನ್ನೊಂದು ಸಲ ಓದು ಅಂದರು. ಓದಿದೆ. ಬಸ್ಸಿಗೆ ಐದು ಟಿಕೆಟ್ ತಗೋ ಅಂದರು.